ನಾಲ್ಕನೇ ನಂಬರಿನ ಬಾಟಲಿ

ರಾತ್ರಿ ಎರಡರ ಸುಮಾರಿಗೆ ಅಡುಗೆಮನೆಯಿಂದ ‘ಟಿಕ್’ ಎಂದು ಒಂದು ಸಣ್ಣ ಸದ್ದು ಕೇಳಿಸಿತು.

ನಮ್ಮ ಬೀದಿಯವರಿಗೆ ಸದ್ದೇನೂ ಹೊಸದಲ್ಲ. ಹಗಲು ಏಳು ನಿಮಿಷಕ್ಕೊಂದು ವಿಮಾನ ನಮ್ಮ ತಾರಸಿಯನ್ನು ಸವರಿಕೊಂಡೇ ಹೋಗುತ್ತದೆ. ಆಗ ಯಾರು ಏನು ಮಾತಾಡುತ್ತಿದ್ದರೂ ಅರ್ಧಕ್ಕೇ ನಿಲ್ಲಿಸಿ, ವಿಮಾನ ದಾಟಿದ ಮೇಲೆ ಬಿಟ್ಟಲ್ಲಿಂದಲೇ ಹಿಡಿಯುತ್ತೇವೆ. ಜಗಳಗಳನ್ನೂ ಹೀಗೆಯೇ ಕಂತಿನಲ್ಲಿ ಆಡುತ್ತೇವೆ. ಅಂಥ ಸದ್ದಿಗೆ ನನಗೆ ಎಚ್ಚರವಾಗುವುದಿಲ್ಲ. ಆದರೆ ಮನೆಯೊಳಗಿನ ಒಂದು ಮುಚ್ಚಳ ತೆರೆದರೆ ಆಗುತ್ತದೆ.

ಪಕ್ಕದಲ್ಲಿ ನಮ್ಮವರು ಇರಲಿಲ್ಲ. ಸ್ವಲ್ಪ ಹೊತ್ತಿಗೆ ಬಂದು ಹೊದಿಕೆ ಎಳೆದುಕೊಂಡು, “ನೀರು ಒಂಥರಾ ಇದೆಯಲ್ಲೇ ಇವತ್ತು. ಏನಾದ್ರೂ ಹಾಕಿದೀಯಾ?” ಎಂದರು.

“ಯಾವ ನೀರು?”

“ಫ್ರಿಜ್ಜಲ್ಲಿದ್ದ ಸದರಿ ನೀರು.”

ನಮ್ಮವರದು ಜೆರಾಕ್ಸ್ ಅಂಗಡಿ. ಮೂರು ವರ್ಷದಿಂದ ಒಂದೇ ಮೊಕದ್ದಮೆಯ ಕಾಗದಗಳನ್ನು ಪ್ರತಿ ತೆಗೆದು ತೆಗೆದು, ತೆಗೆಯುವಾಗ ಓದಿ ಓದಿ, ತಾವೂ ಅರ್ಧ ವಕೀಲರಾಗಿದ್ದೇವೆಂದು ಅವರು ನಂಬಿದ್ದರು. ‘ಮೇಲ್ಕಾಣಿಸಿದ ಟವೆಲ್ ಎಲ್ಲಿ?’ ಎಂದು ಬಚ್ಚಲಿನಿಂದ ಕೂಗುವಷ್ಟು. ಬೀದಿಯಲ್ಲಿ ಅವರ ಹೆಸರೇ ಅಫಿಡವಿಟ್.

ನಾನು ಎದ್ದು ಹೋಗಿ ದೀಪ ಹಾಕಿದೆ. ಸಿಂಕಿನ ಪಕ್ಕದಲ್ಲಿ ನಾಲ್ಕನೇ ನಂಬರಿನ ಬಾಟಲಿ ನಿಂತಿತ್ತು. ಮುಚ್ಚಳದ ಮೇಲೆ ಅಂಟಿಸಿದ್ದ, ಎರಡು ಕಡೆಯವರ ಸಹಿಯಿದ್ದ ಕಾಗದದ ಸೀಲು ನಡುವಿಗೆ ಹರಿದಿತ್ತು. ಒಳಗೆ ಅರ್ಧವೇ ನೀರು.

ಮರಳಿ ಹೋಗಿ ಅವರ ಭುಜ ಅಲುಗಿಸಿದೆ. “ರೀ, ಏಳಿ. ನೀವು ಸಾಕ್ಷ್ಯ ಕುಡಿದಿದ್ದೀರಿ.”

ಅದು ಎಂಥ ಸಾಕ್ಷ್ಯ ಎಂದು ಹೇಳಬೇಕು. ನಮ್ಮ ಮನೆಗಳ ಹಿಂದೆ ಒಂದು ಹಳ್ಳ ಹರಿಯುತ್ತದೆ. ಆಚೆ ದಡಕ್ಕೆ ವಿಮಾನ ನಿಲ್ದಾಣದ ಗೋಡೆ. ಮಳೆ ಬಂದಾಗ ರನ್‌ವೇ ಮೇಲಿನ ನೀರೆಲ್ಲ ಎಣ್ಣೆ, ಇಂಧನ, ತೊಳೆದ ನೊರೆ ಸಮೇತ ಒಂದು ದೊಡ್ಡ ಕೊಳವೆಯಲ್ಲಿ ಬಂದು ಹಳ್ಳಕ್ಕೆ ಬೀಳುತ್ತದೆ. ಈಚೆ ದಡದಲ್ಲಿ ನನ್ನ ಅತ್ತಿಗೆಯ, ಎಂದರೆ ನಮ್ಮವರ ಅಕ್ಕನ, ಸಸಿಗಳ ನರ್ಸರಿ ಇದೆ. ಅತ್ತಿಗೆ ನಮ್ಮ ಜೊತೆಯಲ್ಲೇ ಇರುವವರು. ಗಂಡ ತೀರಿಕೊಂಡ ಮೇಲೆ ಆ ಸಸಿಗಳನ್ನೇ ನಂಬಿಕೊಂಡವರು. ನಾಲ್ಕು ಮಳೆಗಾಲದಿಂದ ಎಲೆಗಳ ಅಂಚು ಬೆಂಕಿ ತಗುಲಿದಂತೆ ಸುಟ್ಟುಹೋಗುತ್ತಿದ್ದವು. ಈಗ ಎರಡನೇ ರನ್‌ವೇ ಮಾಡುತ್ತಾರಂತೆ. ಅದಾದರೆ ಹಳ್ಳವನ್ನು ಕಾಂಕ್ರೀಟಿನೊಳಗೆ ಹೂತು, ದಡವನ್ನೂ ಸೇರಿಸಿಕೊಳ್ಳುತ್ತಾರೆ. ನರ್ಸರಿ ಅಲ್ಲಿಗೆ ಮುಗಿದಂತೆ.

ಬೀದಿಯ ಸಂಘ ಕೋರ್ಟಿಗೆ ಹೋಯಿತು. ‘ನಮ್ಮ ನೀರು ಶುದ್ಧ’ ಎಂದು ನಿಲ್ದಾಣದವರು, ‘ವಿಷ’ ಎಂದು ನಾವು. ನ್ಯಾಯಾಧೀಶರಿಗೆ ಸಾಕಾಗಿ ಒಂದು ಉಪಾಯ ಹೇಳಿದರು: ಮೊದಲ ಜೋರು ಮಳೆಗೆ ಎರಡೂ ಕಡೆಯವರು ಒಟ್ಟಿಗೆ ನಿಂತು, ಕೊಳವೆಯ ಬಾಯಲ್ಲಿ ಒಂದೇ ಥರದ ಎರಡು ಬಾಟಲಿ ತುಂಬಬೇಕು, ಸೀಲು ಮಾಡಿ ತಲಾ ಒಂದನ್ನು ತಣ್ಣಗೆ ಇಡಬೇಕು, ಮರುದಿನ ಪ್ರಯೋಗಾಲಯದ ಗಾಡಿ ಬಂದು ಎರಡನ್ನೂ ಒಯ್ಯುತ್ತದೆ. ಒಂದನೇ ನಂಬರು ಮಳೆ ನಿಂತು ಹಾಳಾಯಿತು. ಎರಡನೆಯದಕ್ಕೆ ಮುಚ್ಚಳ ಮರೆತರು. ಮೂರನೆಯದರ ಚೀಟಿಯ ಶಾಯಿ ಮಳೆಯಲ್ಲೇ ತೊಳೆದುಹೋಯಿತು. ನಾಲ್ಕನೆಯದು ಹಿಂದಿನ ಸಂಜೆ ಸುಸೂತ್ರವಾಗಿ ತುಂಬಿ, ನಮ್ಮವರ ಹಟದಿಂದ ನಮ್ಮ ಫ್ರಿಜ್ಜಿಗೇ ಬಂದಿತ್ತು. ಕೊನೆಯ ವಿಚಾರಣೆ ಮುಂದಿನ ವಾರ.

ಅತ್ತಿಗೆಗೆ ಪ್ಲಾಸ್ಟಿಕ್ ಕಂಡರೆ ಆಗದು. ನಮ್ಮ ಮನೆಯಲ್ಲಿ ಕುಡಿಯುವ ನೀರು ಹಳೆಯ ಕಂದು ಗಾಜಿನ ಬಾಟಲಿಗಳಲ್ಲಿ. ಪ್ರಯೋಗಾಲಯದ್ದೂ ಕಂದು ಗಾಜೇ. ಫ್ರಿಜ್ಜಿನ ಒಳಗಿನ ಬಲ್ಬು ಸತ್ತು ವರ್ಷವಾಗಿತ್ತು. ‘ತೆರೆದಾಗಷ್ಟೇ ಉರಿಯೋ ದೀಪಕ್ಕೆ ಯಾಕೆ ದಂಡ’ ಎಂದು ನಮ್ಮವರು ಹಾಕಿಸಿರಲಿಲ್ಲ.

ಈಗ ಅವರು ಹಾಸಿಗೆಯಲ್ಲಿ ಎದ್ದು ಕೂತರು. “ಎಷ್ಟು ಕುಡಿದಿದೀನಿ?”

“ಅರ್ಧ.”

“ಇನ್ನರ್ಧ ಇದೆ ತಾನೆ? ಪರೀಕ್ಷೆಗೆ ಎಷ್ಟು ಬೇಕು, ಎರಡು ಚಮಚ!”

“ಸೀಲು ಹರಿದಿದೆ. ಸೀಲು ಹರಿದರೆ ಲೆಕ್ಕಕ್ಕಿಲ್ಲ ಅಂತ ನೀವೇ ಬೀದಿಗೆಲ್ಲ ಪಾಠ ಮಾಡಿದ್ರಿ.”

“ಹಂಗಾದ್ರೆ ಈಗಲೇ ಹೋಗಿ ಬೇರೆ ನೀರು ಹಿಡಿದುಕೊಂಡು ಬರ್ತೀನಿ.”

“ಮಳೆ ನಿಂತು ಏಳು ಗಂಟೆ ಆಯ್ತು. ಆ ಕೊಳೆ ಇಷ್ಟೊತ್ತಿಗೆ ಎರಡು ಊರು ದಾಟಿರುತ್ತೆ.”

ಅವರು ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡರು. ಆಮೇಲೆ ಕಾನೂನಿಲ್ಲದ ದನಿಯಲ್ಲಿ, “ಅಕ್ಕಂಗೆ ಹೇಳ್ಬೇಡ ಕಣೆ” ಎಂದರು.

ಇನ್ನು ಬೆಳಗಿನ ತನಕ ನನಗೆ ನಿದ್ದೆಯಿಲ್ಲ. ಇವರ ಹೊಟ್ಟೆ ಕೆಟ್ಟರೆ ನಮ್ಮ ವಾದ ನಿಜವೆಂದಾಗುತ್ತದೆ. ಕೆಡದಿದ್ದರೆ ಎದುರಿನವರದು. ಇಂಥ ಸಂದರ್ಭದಲ್ಲಿ ಹೆಂಡತಿ ಏನನ್ನು ಹಾರೈಸಬೇಕೆಂದು ಯಾರೂ ಬರೆದಿಟ್ಟಿಲ್ಲ. ಐದು ಗಂಟೆಗೆ ಅವರ ಹೊಟ್ಟೆಯೇ ತೀರ್ಪು ಕೊಟ್ಟಿತು. ನಮ್ಮ ಪರವಾಗಿ.

ಆರೂವರೆಗೆ ಅತ್ತಿಗೆ ನೀರಿನ ಕ್ಯಾನು ಹಿಡಿದು ನರ್ಸರಿಗೆ ಹೊರಟವರು ಬಚ್ಚಲಿನ ಬಾಗಿಲಲ್ಲಿ ನಿಂತರು. “ಏನೋ ಇದು? ಏಳನೇ ಸಲ. ಬಚ್ಚಲಲ್ಲೇನು ಹೊಸಾ ಅಂಗಡಿ ಇಟ್ಟಿದೀಯಾ?”

“ಏನಿಲ್ಲಕ್ಕ... ನಿನ್ನೆ ಬಾಟಲಿ ತುಂಬೋವಾಗ... ಒಂದು ಹನಿ ಬಾಯಿಗೆ ಸಿಡೀತು.”

ಅತ್ತಿಗೆ ಕ್ಯಾನು ಅಲ್ಲೇ ಇಟ್ಟರು. ತಮ್ಮನ ಹಣೆ ಮುಟ್ಟಿದರು, ನಾಲಿಗೆ ಚಾಚಿಸಿ ನೋಡಿದರು. “ನನ್ನ ಗಿಡಕ್ಕಾಗಿ ನೀನು ಪ್ರಾಣ ಕೊಡ್ತಿದೀಯಲ್ಲೋ” ಎಂದು ಕಣ್ಣೊರೆಸಿಕೊಂಡು ಸೀದಾ ಹೆಡ್ ಮೇಡಂ ಮನೆಗೆ ಹೋದರು.

ಹೆಡ್ ಮೇಡಂ ನಿವೃತ್ತ ಮುಖ್ಯೋಪಾಧ್ಯಾಯಿನಿ, ಸಂಘದ ಅಧ್ಯಕ್ಷೆ. ಮೂರು ಜನ ಸೇರಿದರೂ ಅವರಿಗೆ ಅದು ಪ್ರಾರ್ಥನೆಯ ಸಾಲೇ. ಎಂಟು ಗಂಟೆಗೆ ನಮ್ಮ ಜಗಲಿ ತುಂಬಿತು. ನಮ್ಮವರನ್ನು ಕುರ್ಚಿಯಲ್ಲಿ ಕೂರಿಸಿ, ಸೆಕೆಯಲ್ಲೂ ಶಾಲು ಹೊದಿಸಿ, ಬಂದವರಿಗೆಲ್ಲ ಕಾಣುವ ಹಾಗೆ ಸ್ವಲ್ಪ ಓರೆಯಾಗಿ ತಿರುಗಿಸಿದ್ದರು.

“ಒಂದು ಹನಿ!” ಹೆಡ್ ಮೇಡಂ ಬೆರಳೆತ್ತಿದರು. “ಒಂದೇ ಒಂದು ಹನಿಗೆ ಮನುಷ್ಯನ ಗತಿ ಹೀಗಾದರೆ, ಇನ್ನು ಇಡೀ—”

ವಿಮಾನ ಬಂತು. ಎಲ್ಲರೂ ಕಾದೆವು. ಬೆರಳು ಹಾಗೇ ಗಾಳಿಯಲ್ಲಿತ್ತು.

“—ಹಳ್ಳದ ಗತಿ ಏನು!”

“ಒಂದು ಹನಿ ಅಲ್ಲ ಮೇಡಂ, ಬೊಗಸೆಯಷ್ಟು ಹೋಗಿದೆಯಂತೆ” ಎಂದರು ಎದುರುಮನೆ ದರ್ಜಿ.

“ಬೊಗಸೆಯೇನು, ಜಾರಿ ಮುಳುಗೇಬಿಟ್ಟಿದ್ರಂತಲ್ಲ” ಎಂದು ದರ್ಜಿಯ ಹೆಂಡತಿ.

“ತಾವಾಗೇ ಜಾರಿದ್ರೋ, ಯಾರಾದ್ರೂ ತಳ್ಳಿದ್ರೋ?” ಎಂದು ಹಿಂದಿನಿಂದ ಯಾರೋ ಕೇಳಿದರು. ಆ ಪ್ರಶ್ನೆಗೆ ಉತ್ತರ ಯಾರೂ ಕೊಡಲಿಲ್ಲವಾದ್ದರಿಂದ ಒಂಬತ್ತು ಗಂಟೆಯ ಹೊತ್ತಿಗೆ ಅದೇ ಉತ್ತರವಾಗಿ ಬೀದಿಯ ತುದಿ ಮುಟ್ಟಿತು.

ನಾನು ಒಳಗೂ ಹೊರಗೂ ಓಡಾಡುತ್ತಿದ್ದೆ. ಮಾದರಿಗಳ ರಿಜಿಸ್ಟರ್ ನನ್ನ ಕೈಯಲ್ಲಿತ್ತು. ಕಾಲೇಜು ಓದಿದವಳು, ಅಕ್ಷರ ದುಂಡಗಿದೆ ಎಂದು ಸಂಘದವರು ನನ್ನನ್ನು ಕಾರ್ಯದರ್ಶಿ ಮಾಡಿದ್ದರು. ಬೆಳಗಿನಿಂದ ನಾಲ್ಕನೇ ನಂಬರಿನ ಮುಂದಿನ ಖಾನೆ ಖಾಲಿ ಇತ್ತು. ‘ಸೀಲು ಸಡಿಲಗೊಂಡಿದೆ’ ಎಂದು ಬರೆಯೋಣವೆಂದುಕೊಂಡೆ. ಅದು ಸುಳ್ಳು. ‘ಪ್ರಮಾಣದಲ್ಲಿ ಇಳಿಕೆ ಕಂಡುಬಂದಿದೆ’ ನಿಜ, ಆದರೆ ನಾಚಿಕೆಗೇಡು. ‘ಕುಡಿಯಲಾಗಿದೆ’ ಎಂದು ಪೆನ್ಸಿಲಿನಲ್ಲಿ ಬರೆದು ಅಳಿಸಿದೆ.

ಆಮೇಲೆ ವಕೀಲಮ್ಮ ಸ್ಕೂಟರಿನಲ್ಲಿ ಬಂದಳು. ಚಿಕ್ಕ ವಯಸ್ಸಿನ ಚುರುಕಾದ ಹುಡುಗಿ. ನಮ್ಮ ಕೇಸೇ ಅವಳ ಮೊದಲ ದೊಡ್ಡ ಕೇಸು. ಹೆಲ್ಮೆಟ್ ತೆಗೆಯುವ ಮೊದಲೇ ಕಾಗದ ತೆಗೆದಳು. “ಅಣ್ಣ, ಇದು ದೇವರೇ ಕೊಟ್ಟ ಅವಕಾಶ. ನಿಮ್ಮ ಹೇಳಿಕೆ ಬರ್ಕೊಳ್ತೀನಿ. ಎಷ್ಟು ನೀರು ಹೊಟ್ಟೆಗೆ ಹೋಯ್ತು?”

ನಮ್ಮವರು ನನ್ನ ಮುಖ ನೋಡಿದರು. ಅವರು ಸುಳ್ಳನ್ನು ಬಾಯಲ್ಲಿ ಹೇಳಬಲ್ಲರು. ಆದರೆ ಸ್ಟಾಂಪ್ ಕಾಗದದ ಮುಂದೆ ಅವರಿಗೆ ಭಯ. “ಅರ್ಧ ಲೀಟರು” ಎಂದರು.

ವಕೀಲಮ್ಮ ಪೆನ್ನು ಕೆಳಗಿಟ್ಟಳು. “ಅಣ್ಣ, ಉತ್ಪ್ರೇಕ್ಷೆ ಬೇಡ. ಅರ್ಧ ಲೀಟರು ಹಳ್ಳದ ನೀರು ಯಾವ ಮನುಷ್ಯ ಕುಡೀತಾನೆ? ಜಡ್ಜ್ ನಗ್ತಾರೆ. ನಾಲ್ಕೈದು ಹನಿ ಅಂತ ಹಾಕ್ತೀನಿ.”

“ನಿಜ ಹೇಳ್ತಿದೀನಮ್ಮಾ—”

“ನಿಜ ಅಂದ್ರೆ ನಂಬೋ ಹಾಗಿರ್ಬೇಕು ಅಣ್ಣ.”

ಇಡೀ ಬೆಳಗ್ಗೆ ನಮ್ಮವರು ಆಡಿದ ಒಂದೇ ಸತ್ಯವನ್ನು ಹೀಗೆ ಕಡತದಿಂದ ಕೈಬಿಡಲಾಯಿತು.

ಗಾಡಿ ಬರಲು ಅರ್ಧ ಗಂಟೆ ಇರುವಾಗ ವಿಮಾನ ನಿಲ್ದಾಣದ ಪರಿಸರ ಅಧಿಕಾರಿ ಬಂದರು. ನಲವತ್ತು ದಾಟಿದ ಮನುಷ್ಯ, ಮೊಣಕಾಲವರೆಗೆ ರಬ್ಬರ್ ಬೂಟು, ಕೈಯಲ್ಲಿ ಐಸ್ ಪೆಟ್ಟಿಗೆ. ಜಗಲಿ ಎರಡಾಗಿ ದಾರಿ ಬಿಟ್ಟಿತು. ಹೆದರಿ ಅಲ್ಲ, ಎರಡೂ ಕಡೆಯಿಂದ ಬೈಯಲು ಅನುಕೂಲವಾಗಲೆಂದು.

“ಬನ್ನಿ ಬನ್ನಿ, ನೋಡಿ ನಿಮ್ಮ ಶುದ್ಧ ನೀರಿನ ಮಹಿಮೆ!” ಹೆಡ್ ಮೇಡಂ ಶಾಲಿನತ್ತ ಕೈ ತೋರಿಸಿದರು.

ಅಧಿಕಾರಿ ಬಗ್ಗಿ ನೋಡಿ, “ಬೇಜಾರಾಯ್ತು ಸರ್. ಉಪ್ಪು ಸಕ್ಕರೆ ಹಾಕಿ ನೀರು ಕುಡೀತಾ ಇರಿ” ಎಂದರು.

“ನೀರಿನ ಮಾತು ನೀವು ಆಡ್ಬೇಡಿ!” ಎಂದು ಹೆಡ್ ಮೇಡಂ.

“ತಳ್ಳೋದೂ ತಳ್ಳಿ, ಔಷಧಿ ಬೇರೆ ಹೇಳ್ತಾರೆ!” ಎಂದು ದರ್ಜಿಯ ಹೆಂಡತಿ.

“ತಳ್ಳಿದ್ದು? ಯಾರನ್ನ?” ಎಂದು ಅಧಿಕಾರಿ ನಮ್ಮವರನ್ನೇ ಕೇಳಿದರು. ನಮ್ಮವರು ಶಾಲಿನೊಳಗೆ ಇನ್ನಷ್ಟು ಇಳಿದರು.

ಗಾಡಿಗೆ ಕೊಡುವ ಮುನ್ನ ಒಬ್ಬರ ಸೀಲನ್ನು ಇನ್ನೊಬ್ಬರು ನೋಡಿ ರಿಜಿಸ್ಟರಿಗೆ ಸಹಿ ಹಾಕಬೇಕು ಎಂಬುದು ನಿಯಮ. ಅಧಿಕಾರಿ ಅದನ್ನು ನೆನಪಿಸಿದರು. ವಕೀಲಮ್ಮನೂ ಎದ್ದಳು. “ನೀನು ಇಲ್ಲಿ ಹೇಳಿಕೆ ಮುಗಿಸು. ಸೀಲು ನೋಡೋಕೆ ಕಾರ್ಯದರ್ಶಿ ಸಾಕು. ಅಡುಗೆಮನೆಗೆ ಎಲ್ಲರೂ ನುಗ್ಗಿದರೆ ಸಾಕ್ಷ್ಯ ಬೆಚ್ಚಗಾಗುತ್ತೆ” ಎಂದು ಹೆಡ್ ಮೇಡಂ ಅವಳನ್ನು ಕೂರಿಸಿದರು. ನಾನು ಅಧಿಕಾರಿಯನ್ನು ಒಳಗೆ ಕರೆದೊಯ್ದೆ. ಹಿಂದೆ ನಮ್ಮವರು ಸಣ್ಣದಾಗಿ ಕೆಮ್ಮಿದ್ದು ಕೇಳಿಸಿತು.

ರಾತ್ರಿಯಿಡೀ ಜೋಡಿಸಿಟ್ಟಿದ್ದ ವಾಕ್ಯಗಳು ಒಂದೂ ಬಾಯಿಗೆ ಬರಲಿಲ್ಲ. ಫ್ರಿಜ್ಜಿಗೆ ಮರಳಿಸಿಟ್ಟಿದ್ದ ಬಾಟಲಿಯನ್ನು ತೆಗೆದು ಕಟ್ಟೆಯ ಮೇಲಿಟ್ಟು, “ನಮ್ಮನೆಯವರು ಕುಡಿದುಬಿಟ್ಟರು” ಎಂದೆ.

ಅವರು ಹರಿದ ಸೀಲನ್ನು ನೋಡಿದರು. ಬಾಟಲಿಯನ್ನು ನೋಡಿದರು. “ಹನಿ ಅಂದ್ರಲ್ಲ ಹೊರಗೆ?”

“ಅರ್ಧ ಲೀಟರು.”

“ಗೊತ್ತಿದ್ದೂ?”

“ಕತ್ತಲಲ್ಲಿ. ಕುಡಿಯೋ ನೀರು ಅಂತ.”

ಅವರು ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. “ಡಾಕ್ಟರಿಗೆ ತೋರಿಸಿ ಮೇಡಂ. ಅದರಲ್ಲಿ ಏನೇನಿರುತ್ತೆ ಅಂತ ನನಗೆ ಗೊತ್ತು” ಎಂದರು. ಅಂದಮೇಲೆ ತಾವು ಏನು ಅಂದೆವೆಂದು ಅವರಿಗೇ ಕೇಳಿಸಿತು. ಮುಖ ಬೇರೆ ಕಡೆ ತಿರುಗಿಸಿ ಪೆಟ್ಟಿಗೆ ತೆರೆದು ತಮ್ಮ ಬಾಟಲಿಯನ್ನು ನಮ್ಮದರ ಪಕ್ಕ ಇಟ್ಟರು.

ಕಿಟಕಿಯ ಬೆಳಕು ಎರಡಕ್ಕೂ ಹಿಂದಿನಿಂದ ಬೀಳುತ್ತಿತ್ತು. ನಮ್ಮದರಲ್ಲಿ ನೀರಿನ ಮೇಲೆ ಎಣ್ಣೆಯ ಪದರ, ತಳದಲ್ಲಿ ಬೆರಳಗಲ ಕಪ್ಪು ಕೆಸರು. ಅವರದರಲ್ಲಿ ಏನೂ ಇಲ್ಲ. ಕಂದು ಗಾಜಿನ ಮೂಲಕ ಆಚೆಯ ಕಿಟಕಿಯ ಸರಳುಗಳನ್ನು ಎಣಿಸಬಹುದಿತ್ತು.

ನನಗೆ ನೋಡುವುದೊಂದೇ ಚಾಳಿ. ನೋಡಿದೆ. “ನಿನ್ನೆ ಎರಡೂ ಒಂದೇ ಕೊಳವೆಯಿಂದ ತುಂಬಿದ್ದಲ್ವಾ?” ಎಂದೆ.

ಅವರು ಬೂಟಿನ ತುದಿಯನ್ನು ನೋಡುತ್ತಾ ಹೇಳಿದರು: “ನಿನ್ನೆ ಸಂಜೆ ಆಫೀಸಿಗೆ ಒಯ್ದಿದ್ದು ಇದಲ್ಲ. ಬೆಳಗ್ಗೆ ನನ್ನ ಮೇಜಿನ ಮೇಲೆ ಇದಿತ್ತು, ಸೀಲಿಲ್ಲದೆ. ಹೊಸ ಸೀಲು ಹಚ್ಚಿ ಸಹಿ ಹಾಕಿ ಅಂತ ಮೇಲಿನವರು ಹೇಳಿದ್ರು. ನಿಮ್ಮ ಕಡೆಯ ಸಹಿಯನ್ನೂ ಅವರೇ ತಯಾರು ಮಾಡಿದ್ದರು. ನಾನು ಹಾಕಿದೆ.” ಮತ್ತೆ, ಕೇಳದಿದ್ದರೂ, “ಮನೇಲಿ ನನ್ನ ಸಂಬಳ ನಂಬಿಕೊಂಡು ಮೂರು ಜನ ಇದ್ದಾರೆ ಮೇಡಂ” ಎಂದರು.

“ನಮ್ಮದು ಹೀಗಾಗಿದೆ. ಗಾಡಿಯವರು ಇನ್ನು ನಿಮ್ಮದೊಂದನ್ನೇ ಒಯ್ತಾರೆ” ಎಂದೆ.

“ಹೌದು.”

“ಇದರಲ್ಲಿ ಏನೂ ಸಿಗಲ್ಲ.”

“ಏನೂ ಸಿಗಲ್ಲ.”

“ನರ್ಸರಿ ನಮ್ಮ ಅತ್ತಿಗೆದು” ಎಂದೆ. ಅದು ವಾದವಲ್ಲ, ಬೇಡಿಕೆಯೂ ಅಲ್ಲ. ಬಾಯಿಗೆ ಬಂತು, ಅಷ್ಟೆ.

ಅವರು ಏನೋ ಹೇಳಲು ಕೈಯೆತ್ತಿದರು. ವಿಮಾನ ಬಂತು. ಪಾತ್ರೆಗಳು ಸಣ್ಣಗೆ ನಡುಗಿದವು. ನಾವಿಬ್ಬರೂ ಈ ಬೀದಿಯ ಮರ್ಯಾದೆಯಂತೆ ಸುಮ್ಮನೆ ನಿಂತೆವು. ಅವರು ತಮ್ಮ ಬಾಟಲಿಯನ್ನು ಎತ್ತಿಕೊಂಡರು, ಬೆಳಕಿಗೆ ಹಿಡಿದು ಒಮ್ಮೆ ನೋಡಿದರು. ಆಮೇಲೆ ಬೆರಳುಗಳು ಒಂದೊಂದಾಗಿ ಬಿಡಿಸಿಕೊಂಡವು. ನನ್ನ ಕಣ್ಣಿಗೆ ಅದು ಕಂಡಿತು. ಸದ್ದು ಯಾರ ಕಿವಿಗೂ ಬೀಳಲಿಲ್ಲ. ವಿಮಾನ ದಾಟಿದಾಗ ನೆಲದ ಮೇಲೆ ಗಾಜಿನ ಚೂರು, ತಿಳಿನೀರು.

“ನಿಮ್ಮದನ್ನೂ ಕೊಡಿ” ಎಂದರು.

ಕೊಟ್ಟೆ.

ಎರಡನೆಯ ಸದ್ದಿಗೆ ಇಡೀ ಜಗಲಿ ಒಳಗೆ ನುಗ್ಗಿತು. ಮುಂದೆ ಹೆಡ್ ಮೇಡಂ, ಅವರ ಹಿಂದೆ ವಕೀಲಮ್ಮ, ಅವಳ ಹಿಂದೆ ಶಾಲು ಎಳೆದುಕೊಂಡು ನಮ್ಮವರು. ನೆಲದ ಮೇಲೆ ಎಣ್ಣೆಯ ನೀರು ತಿಳಿನೀರಿಗೆ ಸೇರಿ, ಎಲ್ಲವೂ ಒಂದೇ ಬಣ್ಣವಾಗುತ್ತಿತ್ತು.

“ಕೈ ಜಾರಿತು” ಎಂದರು ಅಧಿಕಾರಿ. “ನನ್ನ ಕೈ. ಎರಡೂ.”

“ಸಾಕ್ಷ್ಯ ನಾಶ!” ಹೆಡ್ ಮೇಡಂ ಕೂಗಿಗೆ ಪಕ್ಕದ ಬೀದಿಯ ನಾಯಿ ಬೊಗಳಿತು. “ನಿನ್ನೆ ಮನುಷ್ಯನನ್ನ ತಳ್ಳಿದ್ದು, ಇವತ್ತು ಬಾಟಲಿ ತಳ್ಳಿದ್ದು!”

ವಕೀಲಮ್ಮ ಮಾತ್ರ ಹುಬ್ಬು ಗಂಟಿಕ್ಕಿ ನೆಲ ನೋಡುತ್ತಿದ್ದಳು. “ಎರಡು ಬಾಟಲಿ ಒಡೆದಿವೆ. ನಮಗೆ ಕೇಳಿಸಿದ್ದು ಒಂದೇ ಸದ್ದು.”

“ಇನ್ನೊಂದು ವಿಮಾನದ ಜೊತೆ ಹೋಯ್ತು” ಎಂದರು ಅಧಿಕಾರಿ.

ಅವಳು ನನ್ನತ್ತ ತಿರುಗಿದಳು. “ಅಕ್ಕ, ನೀವೇ ಇದ್ರಲ್ಲ. ಇವರ ಕೈಯಿಂದಲೇ ಬಿತ್ತಾ?”

“ಇವರ ಕೈಯಿಂದಲೇ ಬಿತ್ತು” ಎಂದೆ. ರಿಜಿಸ್ಟರಿನ ಖಾಲಿ ಖಾನೆಯಲ್ಲಿ ಅದನ್ನೇ ಬರೆದೆ. ಅವರು ಬಗ್ಗಿ ಸಹಿ ಹಾಕಿದರು, ಒಂದು ಚೂರನ್ನೂ ತುಳಿಯದೆ ಹೊರಗೆ ನಡೆದರು. ಜಗಲಿಯಿಂದ ಗೇಟಿನವರೆಗೆ ಬೀದಿ ಅವರನ್ನು ಬೈದು ಬೀಳ್ಕೊಟ್ಟಿತು. ನಮ್ಮವರು ಬಾಯಿ ತೆರೆದುಕೊಂಡು ನೆಲವನ್ನೂ ನನ್ನನ್ನೂ ನೋಡಿ, ಕೊನೆಗೆ ಮೇಲಕ್ಕೆ ನೋಡಿ ಕೈಮುಗಿದರು. ಆ ಕ್ಷಣದಿಂದ ಅವರ ಹೊಟ್ಟೆನೋವು ಇಳಿಯತೊಡಗಿತು.

ಕೋರ್ಟಿನಲ್ಲಿ ವಕೀಲಮ್ಮ ಸಿಂಹಿಣಿಯಾದಳು. ಎದುರಿನವರ ಅಧಿಕಾರಿಯೇ ಸಾಕ್ಷ್ಯ ಒಡೆದ ಮೇಲೆ ಎದುರಿನವರಿಗೆ ಹೇಳಲು ಏನಿದೆ? ನ್ಯಾಯಾಧೀಶರು ಸಿಟ್ಟಾಗಿ, ಇನ್ನು ಯಾರ ಫ್ರಿಜ್ಜೂ ಬೇಡ, ಕೋರ್ಟಿನ ಕಮಿಷನರೇ ಪ್ರಯೋಗಾಲಯದವರ ಜೊತೆ ಕೊಳವೆಯ ಬಾಯಿಗೆ ಹೋಗಲಿ ಎಂದರು. ಹನ್ನೊಂದು ದಿನಕ್ಕೆ ಮಳೆ ಬಂತು. ನೀರು ಹಿಡಿದರು. ವರದಿಯ ಪ್ರತಿಗಳನ್ನು ನಮ್ಮವರೇ ತೆಗೆದರು. ಎಣ್ಣೆ, ಇಂಧನ, ನೊರೆಯ ರಾಸಾಯನಿಕ ಎಲ್ಲಕ್ಕೂ ಮಿತಿಯ ಮುಂದೆ ಒಂದು ಅಂಕಿ, ಸಿಕ್ಕಿದ್ದರ ಮುಂದೆ ಅದರ ಒಂಬತ್ತರಷ್ಟು, ಹನ್ನೆರಡರಷ್ಟು. ‘ಇಷ್ಟೆಲ್ಲ ನನ್ನ ಹೊಟ್ಟೇಲಿತ್ತು’ ಎಂದು ಅವರು ರಾತ್ರಿ ನನಗೊಬ್ಬಳಿಗೇ ಪಿಸುಗುಟ್ಟಿದ್ದು ಭಯದಿಂದಲೋ ಹೆಮ್ಮೆಯಿಂದಲೋ ಗೊತ್ತಾಗಲಿಲ್ಲ. ನೀರು ಸೋಸುವ ಹೊಂಡ ಕಟ್ಟಿ ತೋರಿಸುವ ತನಕ ಎರಡನೇ ರನ್‌ವೇಗೆ ಒಂದು ಕಲ್ಲೂ ಇಡುವಂತಿಲ್ಲ ಎಂದು ಆದೇಶವಾಯಿತು. ಹಳ್ಳ, ದಡ, ನರ್ಸರಿ ಸದ್ಯಕ್ಕೆ ಇದ್ದಲ್ಲೇ ಉಳಿದವು. ಅತ್ತಿಗೆ ಅವತ್ತು ಊಟಕ್ಕೂ ಬರಲಿಲ್ಲ. ಹೋಗಿ ನೋಡಿದರೆ ಹೊಸ ಬೀಜದ ಟ್ರೇಗಳಿಗೆ ಮಣ್ಣು ತುಂಬುತ್ತಿದ್ದರು.

ಅಧಿಕಾರಿಯನ್ನು ಕಳೆದುಹೋದ ಸಾಮಾನಿನ ವಿಭಾಗಕ್ಕೆ ಹಾಕಿದರೆಂದು ದರ್ಜಿ ಸುದ್ದಿ ತಂದರು. “ಅವರ ಕಡೆಯವರೇ ಅವನಿಗೆ ಮಂಗಳಾರತಿ ಮಾಡಿದಾರಂತೆ. ಕೆಲಸ ಉಳಿದದ್ದೇ ಹೆಚ್ಚಂತೆ. ಬೇಕಂತ ಒಡೆದಿದ್ದಲ್ಲ, ಕೈ ನಡುಕ ಅಂತ ಬರ್ಕೊಟ್ಟನಂತೆ.”

“ನಡುಕವಂತೆ!” ಎಂದರು ಹೆಡ್ ಮೇಡಂ. “ಸಂಘದಿಂದ ಖಂಡನಾ ನಿರ್ಣಯ ಹೋಗಬೇಕು. ಬರ್ಕೋಮ್ಮ.”

ಸಭೆ ಅವರ ಮನೆಯ ಹಜಾರದಲ್ಲಿತ್ತು. ನಾನು ಪುಸ್ತಕ ತೆರೆದೆ.

“ವಿಮಾನ ನಿಲ್ದಾಣದ ಸದರಿ ಅಧಿಕಾರಿಯು—”

“ಭೇಷ್, ಸದರಿ ಇರಲೇಬೇಕು” ಎಂದರು ನಮ್ಮವರು.

“—ದುರುದ್ದೇಶದಿಂದ ಸಾಕ್ಷ್ಯವನ್ನು ಒಡೆದುಹಾಕಿ...”

ನನ್ನ ಪೆನ್ನು ನಿಂತಿತು. ಎಲ್ಲರೂ ನನ್ನ ಕಡೆ ನೋಡಿದರು. ಉಗುರಿನಲ್ಲಿ ಇನ್ನೂ ಮಣ್ಣಿದ್ದ ಅತ್ತಿಗೆಯೂ ನೋಡಿದರು.

“ದುರುದ್ದೇಶ ಬೇಡ ಮೇಡಂ” ಎಂದೆ. “ಅದನ್ನ ಸಾಬೀತು ಮಾಡೋಕೆ ಕಷ್ಟ. ‘ತಿಳಿದೂ ತಿಳಿದೂ’ ಅಂತ ಹಾಕೋಣ.”

ಹೆಡ್ ಮೇಡಂ ಕಣ್ಣು ಮುಚ್ಚಿ ಅದನ್ನು ಬಾಯೊಳಗೆ ಹೇಳಿ ನೋಡಿದರು. “ತಿಳಿದೂ ತಿಳಿದೂ... ಅದೇ ಗಟ್ಟಿ! ಓದಿದವರು ಓದಿದವರೇ.”

“ಜತೆಗೆ ‘ನಾಚಿಕೆಯಿಲ್ಲದೆ’ ಅಂತ ಸೇರಿಸಿ” ಎಂದು ದರ್ಜಿಯ ಹೆಂಡತಿ.

“ಸಾಲು ತುಂಬಿತು” ಎಂದೆ. ಸಾಲಿನಲ್ಲಿ ಇನ್ನೂ ಅರ್ಧ ಜಾಗವಿತ್ತು.

ಸಹಿಗೆ ಪುಸ್ತಕ ಕೈಯಿಂದ ಕೈಗೆ ಹೋಯಿತು. ಅದು ಸುತ್ತು ಬರುವಷ್ಟು ಹೊತ್ತು ನಾನು ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ಕೂತೆ. ಅಡುಗೆಮನೆಯಲ್ಲಿ ನಡೆದದ್ದನ್ನು ವಕೀಲಮ್ಮನಿಗೆ ಹೇಳಿದರೆ ಅವಳು ಕೋರ್ಟಿಗೆ ಹೇಳಲೇಬೇಕಾಗುತ್ತದೆ. ನಮ್ಮವರಿಗೆ ಒಂದು ಮಾತು ಸಿಕ್ಕರೆ ಸಂಜೆಯೊಳಗೆ ಅದರ ನೂರು ಪ್ರತಿ. ಅತ್ತಿಗೆಗೆ ಹೇಳಬಹುದಿತ್ತು. ಅವರು ಅರ್ಥ ಮಾಡಿಕೊಳ್ಳುತ್ತಿದ್ದರು. ಆದರೆ ಅರ್ಥವಾದ ಮರುಗಳಿಗೆ, ತಮ್ಮಲ್ಲಿರುವ ಅತ್ಯುತ್ತಮ ಸಸಿಯೊಂದನ್ನು ಎತ್ತಿಕೊಂಡು ನೆಟ್ಟಗೆ ಕಳೆದುಹೋದ ಸಾಮಾನಿನ ಕೌಂಟರಿಗೆ ಹೋಗಿ, ಎಲ್ಲರೆದುರು ಆ ಮನುಷ್ಯನಿಗೆ ಕೈಮುಗಿಯುತ್ತಿದ್ದರು. ಉಳಿದಿರುವ ಕೆಲಸವೂ ಅಲ್ಲಿಗೆ ಹೋಗುತ್ತಿತ್ತು.

ಪುಸ್ತಕ ನನ್ನ ಬಳಿ ಬಂತು. ಬರೆದದ್ದನ್ನು ಇನ್ನೊಮ್ಮೆ ಓದಿದೆ. ಒಂದಕ್ಷರವೂ ಸುಳ್ಳಿರಲಿಲ್ಲ. ಇದನ್ನು ಯಾರಿಗೂ ಹೇಳುವುದಿಲ್ಲ ಎಂದು ಅಲ್ಲೇ ನಿರ್ಧರಿಸಿ, ಕಾರ್ಯದರ್ಶಿ ಎಂದಿದ್ದ ಕಡೆ ದುಂಡಗೆ ಸಹಿ ಹಾಕಿದೆ.